ಎಣಿಸದೆ ಇಟ್ಟುಕೊಂಡ ಕೋವಿಗಳು

ಪೊಲೀಸ್ ಠಾಣೆಯ ದಾಖಲೆಯ ನಕಲು ಬೇಕಾದರೆ ಏನು ಮಾಡಬೇಕು ಎಂದು ಈಗಲೂ ಕೆಲವರು ನನ್ನನ್ನು ಕೇಳಿಕೊಂಡು ಬರುತ್ತಾರೆ. ನಾನು ವಕೀಲಳಲ್ಲ. ಸಾಗರದಲ್ಲಿ ನರ್ಸ್ ಆಗಿ ದುಡಿದು ನಿವೃತ್ತಳಾದವಳು. ಆದರೆ ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಒಂದೇ ಒಂದು ಹಾಳೆಯ ನಕಲಿಗಾಗಿ ನಾನು ಠಾಣೆಗೆ ಅಲೆದದ್ದು ನಮ್ಮ ಕಡೆಯವರಿಗೆಲ್ಲ ಗೊತ್ತಿದೆ. ಈಗ ಅದಕ್ಕೊಂದು ಕಾನೂನಿದೆ, ಅರ್ಜಿ ಹಾಕಿದರೆ ಉತ್ತರ ಕೊಡಲೇಬೇಕು ಎನ್ನುತ್ತಾರೆ. ಆಗ ಇದ್ದದ್ದು ಒಂದು ಬೆಂಚು. ಅದರ ಮೇಲೆ ಕೂತು ಕಾಯಬೇಕಿತ್ತು.

ನನ್ನ ಕೆಲಸದ ರೀತಿಯನ್ನು ಮೊದಲು ಹೇಳುತ್ತೇನೆ. ಆಸ್ಪತ್ರೆಯಲ್ಲಿ ಒಂದು ಪಾಳಿ ಮುಗಿದು ಇನ್ನೊಂದು ಪಾಳಿಯವಳು ಬಂದಾಗ ನಾವಿಬ್ಬರೂ ನಿಂತು ಕತ್ತರಿ, ಸಿರಿಂಜು, ಥರ್ಮಾಮೀಟರು, ಬೀಗ ಹಾಕಿದ ಕಪಾಟಿನ ಔಷಧಿ ಎಲ್ಲವನ್ನೂ ಎಣಿಸುತ್ತಿದ್ದೆವು. ಎಣಿಸದೆ ಯಾರೂ ಸಹಿ ಮಾಡುತ್ತಿರಲಿಲ್ಲ. ನನಗೆ ತರಬೇತಿ ಕೊಟ್ಟ ಮೇಟ್ರನ್ ಒಂದು ಸೂಜಿ ಕಡಿಮೆಯಾದರೂ ಸಾಕು, ಇಡೀ ವಾರ್ಡನ್ನು ಹುಡುಕಿಸುತ್ತಿದ್ದರು. ಅದನ್ನು ಯಾರೂ ಅವಮಾನ ಎಂದು ತಿಳಿದಿರಲಿಲ್ಲ. ಎಣಿಸಿ ತೆಗೆದುಕೊಂಡರೆ ಕೊಟ್ಟವಳಿಗೂ ನಿಶ್ಚಿಂತೆ, ತೆಗೆದುಕೊಂಡವಳಿಗೂ ನಿಶ್ಚಿಂತೆ.

ನನ್ನ ತವರು ಹೊಸನಗರ ತಾಲ್ಲೂಕಿನಲ್ಲಿ, ನಿಟ್ಟೂರಿನ ಆಚೆ ಕಾಡಂಚಿನ ಒಂದು ಹಳ್ಳಿ. ಅಪ್ಪನ ಕಾಲದಲ್ಲಿ ಪಟೇಲರ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದೆವು. ಎಪ್ಪತ್ತರ ದಶಕದಲ್ಲಿ ಭೂಸುಧಾರಣೆಯ ಡಿಕ್ಲರೇಷನ್ ಹಾಕಿ ಅದೇ ಗದ್ದೆ ನಮ್ಮದಾಯಿತು. ಗದ್ದೆಯೇನೋ ನಮ್ಮ ಹೆಸರಿಗೆ ಬಂತು, ಬೆನ್ನು ಬಗ್ಗಿಸುವುದು ಮಾತ್ರ ಹಾಗೇ ಉಳಿಯಿತು. ಪಟೇಲಿಕೆ ಸರ್ಕಾರದ ಕಡತದಲ್ಲಿ ರದ್ದಾಗಿ ಎಷ್ಟೋ ಕಾಲವಾದ ಮೇಲೂ ಊರಿನವರು ಅವರನ್ನು ಪಟೇಲರೆಂದೇ ಕರೆಯುತ್ತಿದ್ದರು, ಅವರೆದುರು ಹೆಗಲ ಮೇಲಿನ ಟವೆಲ್ ತೆಗೆದು ಕಂಕುಳಲ್ಲಿ ಇಟ್ಟುಕೊಳ್ಳುತ್ತಿದ್ದರು. ಊರಿನ ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರಾಗಿದ್ದ ನನ್ನ ತಮ್ಮನೂ ಹಾಗೇ ಮಾಡುತ್ತಿದ್ದ.

ನಮ್ಮ ಕಡೆ ಕಾಡುಹಂದಿ, ಮಂಗಗಳಿಂದ ಬೆಳೆ ಉಳಿಸಿಕೊಳ್ಳಲು ಅನೇಕರ ಮನೆಯಲ್ಲಿ ಲೈಸೆನ್ಸಿನ ಕೋವಿ ಇರುತ್ತಿತ್ತು. ನಮ್ಮ ಮನೆಯಲ್ಲೂ ತಮ್ಮನ ಹೆಸರಿನಲ್ಲಿ ನಳಿಗೆಯ ಬಾಯಿಂದ ಮದ್ದು, ಚರೆ ತುಂಬುವ ಒಂದು ಹಳೆಯ ಕೇಪಿನ ಕೋವಿ ಇತ್ತು. ಚುನಾವಣೆ ಬಂತೆಂದರೆ ಇವನ್ನೆಲ್ಲ ಠಾಣೆಗೆ ಒಪ್ಪಿಸಬೇಕು, ಫಲಿತಾಂಶ ಬಂದ ಮೇಲೆ ಹಿಂದೆ ತರಬೇಕು. ಈ ನಿಯಮ ಈಗಲೂ ಇದೆ. ನಮ್ಮೂರಿನವರು ಒಬ್ಬೊಬ್ಬರೇ ಬಸ್ಸಿನಲ್ಲಿ ಕೋವಿ ಹಿಡಿದುಕೊಂಡು ಹೋಗುತ್ತಿರಲಿಲ್ಲ. ಎಲ್ಲರ ಕೋವಿಗಳನ್ನೂ ಹಗ್ಗದಲ್ಲಿ ಕಟ್ಟಿ ಪಟೇಲರ ಜೀಪಿಗೆ ಹಾಕುತ್ತಿದ್ದರು. ಪಟೇಲರು ಠಾಣೆಯ ಮುಂದೆ ಜೀಪು ನಿಲ್ಲಿಸುತ್ತಿದ್ದರು, ಕಾನ್‌ಸ್ಟೇಬಲ್ಲೊಬ್ಬ ಬಂದು ಕಟ್ಟು ಇಳಿಸಿಕೊಳ್ಳುತ್ತಿದ್ದ. ಪಟೇಲರ ಹೆಸರಿಗೆ ಒಂದು ರಸೀದಿ ಬರುತ್ತಿತ್ತು. ಪುಸ್ತಕದಲ್ಲಿ ‘ಪಟೇಲರ ಮುಖಾಂತರ, ಗ್ರಾಮದ ಕೋವಿಗಳು’ ಎಂದು ಒಂದು ಸಾಲು. ಎಷ್ಟು ಕೋವಿ, ಯಾರ ಕೋವಿ, ಯಾವ ನಂಬರು ಎಂಬುದು ಇಲ್ಲ. ಪಟೇಲರು ತಂದದ್ದನ್ನು ಅವರ ಎದುರಿಗೇ ಬಿಚ್ಚಿ ಎಣಿಸುವುದು ಮರ್ಯಾದೆಯಲ್ಲ ಎಂದು ಠಾಣೆಯವರು ತಿಳಿದಿದ್ದರು. ತಮ್ಮ ಕೋವಿಗೆ ತಮ್ಮ ಹೆಸರಿನ ರಸೀದಿ ಕೇಳುವುದು ಪಟೇಲರ ಮೇಲೆ ಅಪನಂಬಿಕೆ ತೋರಿಸಿದಂತೆ ಎಂದು ಊರಿನವರು ತಿಳಿದಿದ್ದರು. ಇಷ್ಟು ಮರ್ಯಾದೆಯ ಜನರನ್ನು ನಾನು ಬೇರೆಲ್ಲೂ ನೋಡಿಲ್ಲ.

ಆ ಕಟ್ಟಿನಲ್ಲಿ ಪಟೇಲರ ಸ್ವಂತ ಕೋವಿ, ಕಾರ್ಟ್ರಿಜ್ ಹಾಕುವ ತೋಟಾ ಕೋವಿ, ಇರುತ್ತಿರಲಿಲ್ಲ. ಅದು ಅವರ ಮನೆಯ ಗೋಡೆಯ ಮೇಲೇ ಇರುತ್ತಿತ್ತು. ಇದೂ ಎಲ್ಲರಿಗೂ ಗೊತ್ತಿತ್ತು.

ಒಂದು ಚುನಾವಣೆಯ ವಾರ ಪಟೇಲರ ಮನೆಯಲ್ಲಿ ಪೇಟೆಯಿಂದ ಪ್ರಚಾರಕ್ಕೆ ಬಂದ ನೆಂಟರು ಉಳಿದುಕೊಂಡಿದ್ದರು. ಅದೇ ವಾರ ನಮ್ಮ ಗದ್ದೆಯ ಮೇಲಿನ ಕಾಡಿನಲ್ಲಿ ಗುಂಡೇಟು ಬಿದ್ದ ಒಂದು ಕಡವೆ ಸಿಕ್ಕಿತು. ಅರಣ್ಯ ಇಲಾಖೆಯ ಗಾರ್ಡ್ ಒಬ್ಬ ಯಾರನ್ನಾದರೂ ತೋರಿಸಲೇಬೇಕಿತ್ತು. ಹತ್ತಿರದ ಗದ್ದೆ ನಮ್ಮದು. ಗದ್ದೆಯ ಯಜಮಾನನ ಹೆಸರಿನಲ್ಲಿ ಕೋವಿಯ ಲೈಸೆನ್ಸ್ ಇತ್ತು. ಅಷ್ಟು ಸಾಕಾಯಿತು. ಗುಂಡಿನ ಸದ್ದು ಕೇಳಿ ತಾನು ಓಡಿ ಬಂದೆ, ಮೇಷ್ಟ್ರು ಕೋವಿ ಹಿಡಿದು ಓಡಿಹೋಗುವುದನ್ನು ಕಣ್ಣಾರೆ ಕಂಡೆ ಎಂದು ಹೇಳಿಕೆ ಕೊಟ್ಟ. ಕಡವೆಯ ಮೈಯಲ್ಲಿದ್ದದ್ದು ತೋಟಾದ ಗುಂಡೋ ಕೇಪಿನ ಕೋವಿಯ ಚರೆಯೋ ಎಂದು ಯಾರೂ ತೆಗೆದು ನೋಡಲಿಲ್ಲ. ಮಾಂಸ ಕೆಡುತ್ತದೆ ಎಂಬ ಅವಸರ ಅರಣ್ಯ ಇಲಾಖೆಯವರಿಗೆ. ಸಂಜೆಯೊಳಗೆ ಸಾಕ್ಷ್ಯದ ಬಹುಭಾಗವನ್ನು ಬೇಯಿಸಿ ಆಗಿತ್ತು.

ತಮ್ಮನ ಮೇಲೆ ಕೇಸಾಯಿತು. ಶಿಕ್ಷಣ ಇಲಾಖೆ ಅವನನ್ನು ಅಮಾನತು ಮಾಡಿತು. ಶಿಕ್ಷೆಯಾದರೆ ಮೇಷ್ಟ್ರ ಕೆಲಸ ಹೋಗುವುದು ಖಂಡಿತ. ಅವನ ಹೆಂಡತಿ ಆಗ ಎರಡನೆಯ ಸಲ ಬಸುರಿ. ಅವನು ಸಾಗರಕ್ಕೆ ಬಂದು ನನ್ನ ಕ್ವಾರ್ಟರ್ಸಿನ ಮೆಟ್ಟಿಲ ಮೇಲೆ ಕೂತು ಹೇಳಿದ್ದು ಒಂದೇ ಮಾತು: “ಅಕ್ಕಾ, ಆವತ್ತು ನನ್ನ ಕೋವಿ ಠಾಣೇಲಿತ್ತು.”

ಠಾಣೆಯಲ್ಲಿದ್ದರೆ ಠಾಣೆಯ ಪುಸ್ತಕದಲ್ಲಿ ಇರಬೇಕಲ್ಲ ಎಂದು ನಾನು ತಿಳಿದೆ. ವಾರದ ರಜೆಯ ದಿನ ಬೆಳಗಿನ ಬಸ್ಸಿಗೆ ಹೊರಟೆ. ಯಾವ ಠಾಣೆ ಎಂದು ಹೇಳುವುದಿಲ್ಲ. ಆಗ ಅಲ್ಲಿದ್ದವರು ಈಗಿಲ್ಲ, ಈಗಿರುವವರ ಜೊತೆ ನನಗೆ ಜಗಳವಿಲ್ಲ. ಪುಸ್ತಕ ಬರೆಯುತ್ತಿದ್ದವನು ಒಬ್ಬ ಹೆಡ್ ಕಾನ್‌ಸ್ಟೇಬಲ್. ಅಲ್ಲಿ ಅವನನ್ನು ರೈಟರ್ ಎನ್ನುತ್ತಿದ್ದರು. ಹೊಡೆದಾಟದ ಗಾಯಾಳುಗಳನ್ನು ಕರೆದುಕೊಂಡು ಆಸ್ಪತ್ರೆಗೆ ಬಂದು ಹೋಗುತ್ತಿದ್ದವನಾದ್ದರಿಂದ ನನ್ನ ಮುಖಪರಿಚಯ ಅವನಿಗಿತ್ತು. ವಿಷಯ ಕೇಳಿ ಎಲೆಯಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ದಾಟಿಸಿದ.

“ನಿಮ್ಮನೇಲಿ ಗಂಡಸ್ರು ಯಾರೂ ಇಲ್ವಾ ಸಿಸ್ಟರ್? ನೀವ್ಯಾಕೆ ಬರೋಕೆ ಹೋದ್ರಿ?”

“ಇರೋ ಒಬ್ಬನ ಮೇಲೇ ಕೇಸಾಗಿದೆ. ಅದಕ್ಕೇ ಬಂದೆ.”

ಪೊಲೀಸ್ ದಾಖಲೆ ಸಾರ್ವಜನಿಕರಿಗೆ ತೋರಿಸುವಂಥದ್ದಲ್ಲ ಎಂದು ಅವನು ನನಗೆ ತಿಳಿಸಿಕೊಟ್ಟ. ರಸೀದಿ ಇದ್ದರೆ ತನ್ನಿ, ನೋಡುವ ಎಂದ. ರಸೀದಿ ಪಟೇಲರ ಹೆಸರಿನಲ್ಲಿದೆ ಎಂದೆ. ಹಾಗಾದರೆ ಪಟೇಲರೇ ಬರಲಿ ಎಂದ. ಇಷ್ಟು ಹೇಳಲು ನನ್ನನ್ನು ಮಧ್ಯಾಹ್ನದ ಊಟದ ಹೊತ್ತಿನವರೆಗೆ ಕಾಯಿಸಿದ್ದ. ನಾನು ಕಾಯುತ್ತಿದ್ದಾಗ ಅವನು ಮಾಡಿದ ಕೆಲಸವೆಂದರೆ ಒಂದು ಹಾಳೆಗೆ ಸ್ಕೇಲಿನಿಂದ ಗೆರೆ ಎಳೆದದ್ದು. ಗೆರೆ ಸೊಟ್ಟಗಿತ್ತು.

ಪಟೇಲರ ಮನೆಗೂ ಹೋದೆ. ಜಗಲಿಯಲ್ಲಿ ಕೂರಲು ಹೇಳಿದರು, ಕಾಫಿ ಕೊಡಿಸಿದರು. ಮಾತು ಮಾತ್ರ ಕಾಫಿಯಷ್ಟು ಬಿಸಿಯಾಗಿರಲಿಲ್ಲ. ಕೋವಿ ಹಿಂದೆ ತಂದಾಗ ರಸೀದಿಯನ್ನು ಠಾಣೆಗೇ ಒಪ್ಪಿಸಬೇಕು, ಒಪ್ಪಿಸಿ ಆಗಿದೆ ಎಂದರು. ಅದು ನಿಜವೇ. ನೀವು ಬಂದು ಮೇಷ್ಟ್ರ ಕೋವಿಯೂ ಕಟ್ಟಿನಲ್ಲಿತ್ತು ಎಂದು ಒಂದು ಮಾತು ಹೇಳಿದರೆ ಸಾಕಲ್ಲ ಎಂದೆ. ಅವರು ತೋಟದ ಕಡೆ ನೋಡಿದರು.

“ನಾನೇನು ಒಂದೊಂದೇ ಎಣಿಸಿ ಹೇರಿದ್ನಾ? ಯಾರ್‍ಯಾರು ಹಾಕಿದ್ರೋ, ಯಾರು ಬಿಟ್ರೋ. ಕೋರ್ಟಲ್ಲಿ ಪ್ರಮಾಣ ಮಾಡಿ ಹೇಳೋದು ಅಂದ್ರೆ ಹುಡುಗಾಟ್ವಾ?” ಎಂದರು. ಆಮೇಲೆ ಸ್ವಲ್ಪ ನಗುತ್ತಾ, “ಸಾಗರದಲ್ಲಿ ಅಷ್ಟು ಜನಕ್ಕೆ ಸೂಜಿ ಚುಚ್ಚಿದ್ದು ಸಾಲ್ಲಿಲ್ಲ ಅಂತ ಪೊಲೀಸ್ರಿಗೂ ಚುಚ್ಚೋಕೆ ಹೊರಟ್ಯಾ ಮಾರಾಯ್ತಿ?”

ಅವರ ತಲೆಯ ಮೇಲೆ ಗೋಡೆಯಲ್ಲಿ ತೋಟಾ ಕೋವಿ ಇತ್ತು. ಚೆನ್ನಾಗಿ ಎಣ್ಣೆ ಹಾಕಿ ಒರೆಸಿದ್ದರು.

ಇನ್ನು ವಕೀಲರು. ತೀರ್ಥಹಳ್ಳಿಯ ನಮ್ಮ ಸಂಬಂಧಿಕರೊಬ್ಬರು ಒಬ್ಬರನ್ನು ಗೊತ್ತುಮಾಡಿಕೊಟ್ಟರು. ಗೋಡೆಯ ತುಂಬ ಕಾನೂನಿನ ಪುಸ್ತಕ. ಅವನ್ನು ತೆಗೆದು ನೋಡಿದ ಗುರುತು ಕಾಣಲಿಲ್ಲ, ಧೂಳು ಒಂದೇ ಸಮನಾಗಿ ಕೂತಿತ್ತು. ತಮ್ಮ ಅವರಿಗೆ ಎಲ್ಲವನ್ನೂ ಕ್ರಮವಾಗಿ ಹೇಳಿದ. ಕೋವಿ ಹಿಂದೆ ತರುವಾಗ ಪ್ರತಿಯೊಬ್ಬರೂ ಲೈಸೆನ್ಸ್ ತೋರಿಸಿ ಸಹಿ ಮಾಡಬೇಕು, ಆ ದಿನ ಪಟೇಲರ ಜೀಪಿನಲ್ಲೇ ಎಲ್ಲರೂ ಹೋಗಿ ಅವರವರ ಸಹಿ ಹಾಕಿ ಕೋವಿ ತಂದೆವು ಎಂದೂ ಹೇಳಿದ. ವಕೀಲರು ಕೈ ಎತ್ತಿ ಅವನನ್ನು ನಿಲ್ಲಿಸಿದರು. ಹಿಂದೆ ತಂದ ಕಥೆ ಈಗ ಬೇಡ, ಒಪ್ಪಿಸಿದ್ದು ಮುಖ್ಯ ಎಂದರು. ತಮ್ಮನ ಹೆಸರಿನಲ್ಲಿ ಕೋವಿ ಜಮಾ ಆದ ದಾಖಲೆಯ ನಕಲು ಕೊಡಬೇಕೆಂದು ಇಂಗ್ಲಿಷಿನಲ್ಲಿ ಅರ್ಜಿ ಟೈಪ್ ಮಾಡಿಸಿದರು. ನಾಲ್ಕು ಕಡೆ ‘ಗೌರವಪೂರ್ವಕವಾಗಿ’ ಎಂದಿತ್ತು.

ಎಂದೂ ಬೇಗ ಉತ್ತರಿಸದ ಠಾಣೆ ಈ ಅರ್ಜಿಗೆ ಆ ವಾರವೇ ಉತ್ತರ ಬರೆಯಿತು. ಸದರಿ ವ್ಯಕ್ತಿಯ ಹೆಸರಿನಲ್ಲಿ ಸದರಿ ಅವಧಿಯಲ್ಲಿ ಯಾವುದೇ ಕೋವಿ ಜಮಾ ಆಗಿರುವುದಿಲ್ಲ. ಕೆಳಗೆ ಮೊಹರು.

ಸುಳ್ಳು ಎನ್ನುವ ಹಾಗಿಲ್ಲ. ಅವನ ಹೆಸರಿನಲ್ಲಿ ಜಮಾ ಆಗಿರಲಿಲ್ಲ, ಪಟೇಲರ ಹೆಸರಿನಲ್ಲಿ ಆಗಿತ್ತು. ಆದರೆ ಈಗ ಗಾರ್ಡನ ಹೇಳಿಕೆಯ ಪಕ್ಕದಲ್ಲಿ ಇಡಲು ಸರ್ಕಾರದ ಮೊಹರಿರುವ ಒಂದು ಕಾಗದ ಸಿದ್ಧವಾಗಿತ್ತು, ಅದನ್ನು ನಾವೇ ಅರ್ಜಿ ಹಾಕಿ ಬರೆಸಿಕೊಂಡಿದ್ದೆವು. ವಕೀಲರು ಅದನ್ನು ಓದಿ ಕನ್ನಡಕ ತೆಗೆದು ಒರೆಸಿ, ಇದು ಸ್ವಲ್ಪ ಪ್ರತಿಕೂಲವಾಯಿತು ಎಂದರು. ಗಾಯವನ್ನು ತೊಳೆಯದೆ ಹೊಲಿದು, ಕೀವಾದ ಮೇಲೆ ಸ್ವಲ್ಪ ಬಾತಿದೆ ಎನ್ನುವ ಡಾಕ್ಟರುಗಳನ್ನೂ ನಾನು ಕಂಡಿದ್ದೇನೆ.

ಎರಡನೆಯ ಅರ್ಜಿಯನ್ನು ನಾನೇ ಬರೆದೆ, ಕನ್ನಡದಲ್ಲಿ. ಠಾಣೆಗೆ ಬಂದ ವಸ್ತು ಯಾರದೆಂದು ಬರೆಯದಿದ್ದರೆ ಹೋಗುವಾಗ ಯಾರು ತೆಗೆದುಕೊಂಡರೆಂದು ನೋಡಿದರಾಯಿತು. ಒಳಗೆ ಬಾರದ ಕೋವಿಯನ್ನು ಸಹಿ ಹಾಕಿಸಿ ಹೊರಗೆ ಕಳುಹಿಸಲು ಯಾವ ಪೊಲೀಸನಿಗೂ ಸಾಧ್ಯವಿಲ್ಲ. ಆದ್ದರಿಂದ, ಚುನಾವಣೆಗೆಂದು ನಮ್ಮ ಗ್ರಾಮದಿಂದ ಯಾರ ಮುಖಾಂತರವೇ ಆಗಲಿ ಬಂದ ಎಲ್ಲ ಕೋವಿಗಳ ನಮೂದು, ಅವನ್ನು ಹಿಂದಿರುಗಿಸಿದ ದಿನ ಪಡೆದವರ ಸಹಿಗಳಿರುವ ಪುಟ, ಎರಡರ ದೃಢೀಕೃತ ನಕಲು ಕೊಡಿ, ಕೊಡಲಾಗದಿದ್ದರೆ ಕೊಡುವುದಿಲ್ಲವೆಂದೂ ಏಕೆಂದೂ ಬರೆದು ಸಹಿ ಮಾಡಿ ಕೊಡಿ ಎಂದು ಬರೆದೆ. ಒಂದು ಪ್ರತಿಯನ್ನು ಮೇಲಧಿಕಾರಿಗೆ ರಿಜಿಸ್ಟರ್ ಪೋಸ್ಟಿನಲ್ಲಿ ಕಳುಹಿಸಿ, ಠಾಣೆಯ ಪ್ರತಿಯನ್ನು ಕೈಯಲ್ಲೇ ತೆಗೆದುಕೊಂಡು ಹೋಗಿ ನನ್ನ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಂಡೆ. ಈಗ ಕೇಳಿಕೊಂಡು ಬರುವವರಿಗೂ ನಾನು ಹೇಳುವುದು ಇದನ್ನೇ. ವ್ಯಕ್ತಿಯ ಹೆಸರು ಹಿಡಿದು ಕೇಳಬೇಡಿ, ದಿನ ಮತ್ತು ಪುಸ್ತಕ ಹಿಡಿದು ಕೇಳಿ. ಇಲ್ಲ ಎನ್ನುವುದನ್ನೂ ಬರವಣಿಗೆಯಲ್ಲಿ ಕೇಳಿ.

ಈ ಅರ್ಜಿಗೆ ಉತ್ತರ ಬರಲಿಲ್ಲ. ಪ್ರತಿ ವಾರದ ರಜೆಯಲ್ಲೂ ಹೋಗಿ ಬೆಂಚಿನ ಮೇಲೆ ಕೂತೆ. ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಹಿಂದಿರುಗುತ್ತಿದ್ದೆ. ಬುತ್ತಿ, ನೀರು, ಹೆಣೆಯಲು ಉಲ್ಲನ್ ನೂಲು ಇರುತ್ತಿತ್ತು. ತಮ್ಮನ ಹುಟ್ಟಲಿರುವ ಮಗುವಿಗೆ ಎರಡು ಟೋಪಿ, ಒಂದು ಸ್ವೆಟರ್ ಆ ಬೆಂಚಿನ ಮೇಲೇ ಮುಗಿದವು. ಅಲ್ಲಿ ಕೂತು ನಾನು ಕಂಡದ್ದು ಇಷ್ಟು. ಬೀಗದ ಕೈಯನ್ನು ಎಲ್ಲಿಟ್ಟೆವೆಂದು ಅವರು ದಿನವೂ ಹುಡುಕುತ್ತಿದ್ದರು. ವಶಪಡಿಸಿಕೊಂಡ ಒಂದು ಸೈಕಲ್ಲಿನಲ್ಲಿ ಕಾನ್‌ಸ್ಟೇಬಲ್ಲೊಬ್ಬ ಚಹಾ ತರಲು ಹೋಗುತ್ತಿದ್ದ. ಬಡವರು ದೂರು ಹೇಳಲು ಬಂದರೆ ಬರೆಯುವ ಶಾಯಿ ಮುಗಿದಿರುತ್ತಿತ್ತು, ಜೀಪಿನವರು ಬಂದರೆ ಎಲ್ಲಿಂದಲೋ ಸಿಗುತ್ತಿತ್ತು. ನಮ್ಮ ವಾರ್ಡಿನ ಆಯಾ ಇವರಿಗಿಂತ ಚೆನ್ನಾಗಿ ಠಾಣೆ ನಡೆಸುತ್ತಿದ್ದಳು.

ಆಗಿನ ಸಬ್ ಇನ್ಸ್‌ಪೆಕ್ಟರು ನನ್ನನ್ನು ಎರಡು ಸಲ ಒಳಗೆ ಕರೆದರು. ಮೊದಲ ಸಲ ಗದರಿಸಿದರು. ಎರಡನೆಯ ಸಲ ಬುದ್ಧಿ ಹೇಳಿದರು. ಇಷ್ಟು ಓದಿದ ಹೆಣ್ಣುಮಗಳು ಸುಮ್ಮನೆ ದೊಡ್ಡವರನ್ನು ಎದುರು ಹಾಕಿಕೊಳ್ಳಬಾರದಂತೆ. ದೊಡ್ಡವರು ಯಾರು ಎಂದು ಕೇಳಿದೆ.

“ನಕಲು ಕೊಡೋಕಾಗಲ್ಲ ಅಷ್ಟೇ,” ಎಂದರು.

“ಸರಿ ಸಾರ್. ಅದನ್ನೇ ಬರ್ದು ಸಹಿ ಮಾಡಿ ಕೊಡಿ. ಮತ್ತೆ ಬರಲ್ಲ.”

“ಅದನ್ನೂ ಕೊಡೋಕಾಗಲ್ಲ.”

“ಹಾಗಾದ್ರೆ ಮುಂದಿನ ವಾರ ಬರ್ತೀನಿ.”

ಅವರ ಕಷ್ಟ ನನಗೆ ಅರ್ಥವಾಗಿತ್ತು. ಆ ಎರಡು ಪುಟಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಠಾಣೆಯವರು ಕೋವಿಗಳನ್ನು ಎಣಿಸದೆ ಇಟ್ಟುಕೊಂಡದ್ದು ಗೊತ್ತಾಗುತ್ತದೆ. ಊರಿನಲ್ಲಿ ಲೈಸೆನ್ಸ್ ಇದ್ದ ಒಬ್ಬರ ಸಹಿ ಮಾತ್ರ ಹಿಂದೆ ಪಡೆದವರಲ್ಲಿ ಇಲ್ಲ ಎಂಬುದೂ ಗೊತ್ತಾಗುತ್ತದೆ. ಕೊಟ್ಟರೆ ಹಾಗೆ. ಕೊಡುವುದಿಲ್ಲ ಎಂದು ಸಹಿ ಹಾಕಿದರೆ ಅದೇ ಕಾಗದ ಹಿಡಿದು ನಾವು ನ್ಯಾಯಾಲಯಕ್ಕೆ ಹೋಗಿ ಪುಸ್ತಕವನ್ನೇ ತರಿಸುತ್ತೇವೆ. ತಪ್ಪು ಮಾಡುವಾಗ ಇಲ್ಲದ ಹೆದರಿಕೆ ಸಹಿ ಮಾಡುವಾಗ ಬಂದಿತ್ತು.

ಈ ನಡುವೆ ತಮ್ಮ ಕರಗಿಹೋಗುತ್ತಿದ್ದ. ಅರ್ಧ ಸಂಬಳ, ಊರಿನವರ ಗುಸುಗುಸು. ತನ್ನ ಜೊತೆ ಕೋವಿ ಒಪ್ಪಿಸಿದ್ದವರಲ್ಲಿ ಯಾರಾದರೊಬ್ಬರು ಬಂದು ಸಾಕ್ಷಿ ಹೇಳಿ ಎಂದು ಮನೆಮನೆಗೆ ಹೋದ. ಒಬ್ಬರಿಗೆ ಮದುವೆಯ ಕೆಲಸ, ಒಬ್ಬರಿಗೆ ಸೊಂಟನೋವು. ಒಬ್ಬರು ಮಾತ್ರ ನಿಜ ಹೇಳಿದರು: ಪಟೇಲರ ಕಡೆಯಿಂದ ಹೊಳೆಯ ನೀರು ಬರಬೇಕಲ್ಲ ಮೇಷ್ಟ್ರೇ, ಎಂದು. ಕೇಸು ಒಪ್ಪಿಕೊಂಡು ದಂಡ ಕಟ್ಟಿಬಿಡಲೇ ಎಂದು ತಮ್ಮ ಒಂದು ದಿನ ನನ್ನನ್ನು ಕೇಳಿದ. ಒಪ್ಪಿಕೊಂಡವನನ್ನು ಶಾಲೆಯೊಳಗೆ ಬಿಡುವುದಿಲ್ಲ, ಅದು ತಲೆಯಲ್ಲಿರಲಿ ಎಂದೆ. ಅದಕ್ಕಿಂತ ಮೆದುವಾಗಿ ಹೇಳಲು ನನಗೆ ಬರುತ್ತಿರಲಿಲ್ಲ.

ಕೊನೆಗೆ ನ್ಯಾಯ ನಮ್ಮಲ್ಲಿಗೆ ವರ್ಗಾವಣೆಯ ರೂಪದಲ್ಲಿ ಬಂತು. ಆ ಸಬ್ ಇನ್ಸ್‌ಪೆಕ್ಟರಿಗೆ ಬೇರೆ ಊರಿಗೆ ಆರ್ಡರ್ ಆಯಿತು. ಮುಂದಿನ ರಜೆಯಲ್ಲಿ ನಾನು ಹೋದಾಗ ಆ ಕುರ್ಚಿಯಲ್ಲಿ ಹೊಸಬರೊಬ್ಬರು, ಬಯಲುಸೀಮೆಯ ಕಡೆಯವರು. ಬೆಂಚಿನ ಮೇಲೆ ಹೆಣೆಯುತ್ತಾ ಕೂತಿರುವ ಹೆಂಗಸು ಯಾರೆಂದು ರೈಟರನ್ನು ಕೇಳಿದರು. ರೈಟರ್ ಅವರ ಕಿವಿಯ ಹತ್ತಿರ ಬಗ್ಗಿ ಏನೋ ಹೇಳಿದ. ಅವರು ನನ್ನ ಅರ್ಜಿ ತರಿಸಿ ಓದಿದರು. ಆಮೇಲೆ ಪುಸ್ತಕವನ್ನೂ ತರಿಸಿ ಎರಡು ಪುಟ ತಿರುಗಿಸಿ ನೋಡಿದರು.

“ಇದು ನಾನು ಬರೋಕೆ ಮುಂಚಿಂದಲ್ವೇನ್ರೀ?” ಎಂದು ರೈಟರನ್ನು ಕೇಳಿದರು.

“ಹೌದು ಸಾರ್.”

“ನಂದಲ್ಲ ಅಂದ್ಮೇಲೆ ನಂಗ್ಯಾಕೆ? ಬರ್ಕೊಟ್ಟು ಕಳಿಸ್ರೀ ಇವರ್ನ.”

ಸತ್ಯದ ಮೇಲಿನ ಪ್ರೀತಿಯಿಂದ ಅವರು ಕೊಟ್ಟರೆಂದು ನಾನು ಯಾರಿಗೂ ಹೇಳುವುದಿಲ್ಲ. ತಮ್ಮ ಕಾಲದ್ದಲ್ಲದ ತಪ್ಪನ್ನು ಹೊರಗೆ ಹಾಕುವುದು ಅವರಿಗೆ ಸುಲಭವಾಗಿತ್ತು, ಅಷ್ಟೇ. ತಮ್ಮ ಸರದಿಯಲ್ಲಿ ಅವರೂ ಹಾಗೇ ಎಣಿಸದೆ ತುಂಬಿಸಿಕೊಂಡಿರಬಹುದು. ರೈಟರ್ ಆ ಎರಡು ಪುಟಗಳನ್ನು ಕೈಯಿಂದ ಬರೆಯಲು ಸಂಜೆಯವರೆಗೆ ತೆಗೆದುಕೊಂಡ. ನಾನು ಪಕ್ಕದಲ್ಲೇ ನಿಂತು ಒಂದೊಂದು ಹೆಸರನ್ನೂ ಮೂಲದೊಂದಿಗೆ ಹೋಲಿಸಿ ನೋಡಿದೆ. ತಮ್ಮನ ಹೆಸರನ್ನು ಬಿಟ್ಟಿದ್ದ. ಸಾಲು ತಪ್ಪಿತು ಸಿಸ್ಟರ್ ಎಂದ. ಸಾಲು ಸೇರಿಸಿ ಎಂದೆ. ಸೇರಿಸಿದ. ಎರಡು ಪ್ರತಿ ಮಾಡಿಸಿ ಎರಡಕ್ಕೂ ಮೊಹರು ಹಾಕಿಸಿಕೊಂಡು ಕೊನೆಯ ಬಸ್ಸು ಹಿಡಿದೆ.

ಒಂದು ಪ್ರತಿ ನ್ಯಾಯಾಲಯಕ್ಕೆ ಹೋಯಿತು. ಮೂಲ ಪುಸ್ತಕವನ್ನೂ ತರಿಸಿ ನೋಡಿದರು. ಗಾರ್ಡನ್ನು ಕಟಕಟೆಗೆ ಹತ್ತಿಸಿ, ಠಾಣೆಯಲ್ಲಿ ಬೀಗದೊಳಗಿದ್ದ ಕೋವಿ ಕಾಡಿನಲ್ಲಿ ಮೇಷ್ಟ್ರ ಕೈಗೆ ಹೇಗೆ ಬಂತು ಎಂದು ವಕೀಲರು ಕೇಳಿದರು. ಈ ಪ್ರಶ್ನೆಯನ್ನೂ ನಾನೇ ಬರೆದುಕೊಟ್ಟಿದ್ದೆ. ಗಾರ್ಡ್, ದೂರದಿಂದ ಕಂಡದ್ದು, ಕೋಲೂ ಆಗಿರಬಹುದು ಎಂದ. ಕಡವೆಗೆ ಕೋಲಿನಿಂದ ಗುಂಡು ಹೊಡೆಯುವುದು ಹೇಗೆ ಎಂದು ಅಲ್ಲಿ ಯಾರೂ ಕೇಳಲಿಲ್ಲ. ತಮ್ಮನಿಗೆ ಖುಲಾಸೆಯಾಯಿತು. ಹಾಗಾದರೆ ಕಡವೆ ಹೊಡೆದವರು ಯಾರು ಎಂದು ಅರಣ್ಯ ಇಲಾಖೆಯವರು ಆಮೇಲೆ ಹುಡುಕಲಿಲ್ಲ. ಹುಡುಕಲು ಅವರು ಆ ಪುಟದಲ್ಲಿ ಇಲ್ಲದ ಸಹಿಯೊಂದನ್ನು ನೋಡಿದರೆ ಸಾಕಿತ್ತು.

ಅಮಾನತು ರದ್ದಾಗಿ ತಮ್ಮ ಅದೇ ಶಾಲೆಗೆ ಹಿಂದಿರುಗಿದ. ಮೊದಲ ದಿನ ಶಾಲೆಯ ಬಾಗಿಲಲ್ಲಿ ಅವನಿಗೆ ಹಾರ ಹಾಕಿದವರು ಪಟೇಲರು. ಶಾಲಾ ಸಮಿತಿಯ ಅಧ್ಯಕ್ಷರು ಅವರೇ. ಮೇಷ್ಟ್ರು ನಿರಪರಾಧಿ ಎಂದು ತಮಗೆ ಮೊದಲಿನಿಂದಲೂ ಗೊತ್ತಿತ್ತೆಂದು ಭಾಷಣ ಮಾಡಿದರಂತೆ. ಅದೂ ಸುಳ್ಳಲ್ಲ. ಸೊಂಟನೋವಿನವರು, ಮದುವೆಯ ಕೆಲಸದವರು ಎಲ್ಲರೂ ಬಂದು ಚಪ್ಪಾಳೆ ತಟ್ಟಿದರಂತೆ.

ಸ್ವಲ್ಪ ದಿನದ ಮೇಲೆ ತಮ್ಮ ಸಾಗರಕ್ಕೆ ಬಂದ. ಮಗುವಿನ ಫೋಟೋ ತಂದಿದ್ದ, ತಲೆಯ ಮೇಲೆ ನಾನು ಹೆಣೆದ ಟೋಪಿ. ಊಟವಾಗುವವರೆಗೆ ಅದೂ ಇದೂ ಮಾತಾಡಿದ. ಕೈ ತೊಳೆದು ಬಂದ ಮೇಲೆ ಕೇಳಿದ.

“ಅಕ್ಕಾ, ಆ ಇನ್ನೊಂದು ನಕಲು ಇದ್ಯಲ್ಲಾ ನಿನ್ಹತ್ರ, ಪಟೇಲ್ರು ಒಂದ್ಸಲ ನೋಡ್ಬೇಕಂತೆ.”

“ಎಂತಕ್ಕೆ?”

“ಅದ್ರಲ್ಲಿ ಎಂತ ಇದೆ ಅಂತ. ಕೊಟ್ರೆ ಅವರೇ ಇಟ್ಕೊಳ್ತಾರಂತೆ. ನಿಂಗಿನ್ನು ಎಂತಕ್ಕೆ ಅದು?”

ಅವನ ಮುಖ ನೋಡಿದೆ. ಕೆಲಸ ಉಳಿದಿತ್ತು, ಅರ್ಧ ಸಂಬಳದ ಬಾಕಿಯೂ ಬರುವುದಿತ್ತು, ತೊಟ್ಟಿಲಲ್ಲಿ ಮಗುವಿತ್ತು. ಟವೆಲ್ ಆಗಲೇ ಹೆಗಲಿನಿಂದ ಇಳಿದು ಕಂಕುಳಿಗೆ ಬಂದಿತ್ತು, ಪಟೇಲರ ಹೆಸರು ಹೇಳಿದ್ದಕ್ಕೇ.

“ಪಟೇಲ್ರು ಠಾಣೆಗೆ ಅರ್ಜಿ ಹಾಕ್ಲಿ,” ಎಂದೆ. “ದಿನ ಹಾಕಿ, ಪುಸ್ತಕ ಯಾವುದು ಅಂತ ಹೇಳಿ ಕೇಳ್ಬೇಕು. ಹೆಂಗೆ ಬರೀಬೇಕು ಅಂತ ಗೊತ್ತಾಗ್ಲಿಲ್ಲ ಅಂದ್ರೆ ಬರೋಕೆ ಹೇಳು, ಹೇಳ್ಕೊಡ್ತೀನಿ.”

ತಮ್ಮ ಚಪ್ಪಲಿ ಮೆಟ್ಟಿಕೊಂಡ. ಮಧ್ಯಾಹ್ನದ ಬಸ್ಸಿಗೆ ಹೊತ್ತಾಗಿತ್ತು. ಈ ಮಾತನ್ನು ಅವನು ಪಟೇಲರಿಗೆ ಹೇಳಿದನೋ ಇಲ್ಲವೋ ನಾನು ಕೇಳಲಿಲ್ಲ. ಪಟೇಲರಂತೂ ಬರಲಿಲ್ಲ.